ಸಮತೋಲನ ಕಣ್ಣೊಂದರ ಸೊತ್ತಲ್ಲ

ನಿಂತಲ್ಲಿ ಬೀಳದೆ ನಿಲ್ಲುವುದು ಒಂದು ವಿದ್ಯೆಯೆಂದು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಓದು ಬರಹ ವಿದ್ಯೆ, ಈಜು ವಿದ್ಯೆ, ಅಡಿಕೆ ಮರ ಹತ್ತುವುದೂ ವಿದ್ಯೆ. ಆದರೆ ಎರಡು ಪಾದಗಳ ಮೇಲೆ ನೆಟ್ಟಗೆ ನಿಲ್ಲುವುದು ಮಾತ್ರ ಹುಟ್ಟಿನೊಡನೆ ಬಂದ ಸೊತ್ತು ಎಂದು ನಮ್ಮ ಎಣಿಕೆ. ಅದನ್ನೂ ಮಗುವಾಗಿದ್ದಾಗ ಬಿದ್ದು ಎದ್ದು ಕಲಿತಿದ್ದೇವೆ. ಕಲಿತದ್ದು ಮರೆತುಹೋಗಿದೆ, ಅಷ್ಟೆ. ಇಂದ್ರಿಯಗಳಲ್ಲೆಲ್ಲ ಕಣ್ಣೇ ಪ್ರಧಾನವೆಂದು ಹಿರಿಯರು ಹೇಳುತ್ತ ಬಂದುದರಿಂದ, ಕಣ್ಣಿಲ್ಲದವರು ನಡೆಯುವುದೆಂದರೆ ಹೇಗೋ ತಡವರಿಸುವುದು ಎಂಬ ಭಾವನೆಯೂ ನಮ್ಮಲ್ಲಿ ಬೇರೂರಿದೆ.

ಈಗ ಈ ವಿಷಯಕ್ಕೆ ಹೊಸದೊಂದು ಯಂತ್ರ ಬಂದು ಸೇರಿಕೊಂಡಿದೆ. ವರ್ಚುವಲ್ ರಿಯಾಲಿಟಿ ಎಂದು ಅದನ್ನು ಕರೆಯುತ್ತಾರೆ. ಕನ್ನಡದಲ್ಲಿ ‘ಮಿಥ್ಯಾವಾಸ್ತವ’ ಎನ್ನಬಹುದು. ತಲೆಗೆ ಕಟ್ಟಿಕೊಳ್ಳುವ ಒಂದು ದಪ್ಪ ಕನ್ನಡಕ. ಅದರೊಳಗೆ ಕಾಣುವುದು ಇಲ್ಲಿಯ ಗೋಡೆಯಲ್ಲ, ಯಂತ್ರವು ರಚಿಸಿದ ಬೇರೊಂದು ಲೋಕ. ತಲೆ ತಿರುಗಿಸಿದರೆ ಆ ಲೋಕವೂ ಅದಕ್ಕೆ ತಕ್ಕಂತೆ ತಿರುಗುತ್ತದೆ. ಅಮೆರಿಕದ ಐವನ್ ಸದರ್‌ಲ್ಯಾಂಡ್ 1968ರಲ್ಲಿ ಇಂಥ ಮೊದಲ ಯಂತ್ರವೊಂದನ್ನು ತಯಾರಿಸಿದನು. ಅಂದು ಚಾವಣಿಯಿಂದ ತೂಗುಬಿಡಬೇಕಾಗಿದ್ದ ವಸ್ತು ಇಂದು ಕೈಚೀಲದಲ್ಲಿ ಹಿಡಿಯುತ್ತದೆ. ಕಣ್ಣಿಗೆ ಮಾಯೆ ತೋರಿಸುವ ಈ ಯಂತ್ರದಿಂದ ಕಣ್ಣು ಕಾಣದವರಿಗೆ ಏನು ಪ್ರಯೋಜನ ಎಂದು ಕೇಳಿದರೆ ಮೇಲ್ನೋಟಕ್ಕೆ ಅದು ಹಾಸ್ಯದ ಪ್ರಶ್ನೆಯಾಗಿ ತೋರಬಹುದು. ಆದರೆ ಪ್ರಶ್ನೆ ಗಂಭೀರವಾದುದು. ಯಂತ್ರದಿಂದ ಪ್ರಯೋಜನ ಖಂಡಿತ ಉಂಟು; ಆದರೆ ನಾವು ಅದನ್ನು ಬಳಸಲು ಹವಣಿಸುವ ರೀತಿಯಿಂದ ಅಲ್ಲ; ಮತ್ತು ನಮ್ಮ ಬೀದಿಗಳು ಈಗಿನಂತೆಯೇ ಉಳಿದರೆ ಆ ಪ್ರಯೋಜನವೂ ನೀರಿನಲ್ಲಿ ಹೋಮ ಮಾಡಿದಂತೆ. ಇದು ನನ್ನ ಅಭಿಪ್ರಾಯ. ಇದಕ್ಕೆ ಕಾರಣಗಳನ್ನು ವಾಚಕರ ಮುಂದಿಡುತ್ತೇನೆ.

ಮೊದಲು, ನಾವು ನಿಲ್ಲುವುದು ಹೇಗೆ? ದೇಹಕ್ಕೆ ಇದರಲ್ಲಿ ಮೂವರು ಸಲಹೆಗಾರರಿದ್ದಾರೆ. ಒಬ್ಬನು ಕಣ್ಣು. ಎರಡನೆಯವನು ಒಳಗಿವಿ, ಅಲ್ಲಿ ಮೂರು ಅರ್ಧವರ್ತುಲ ನಾಳಗಳಿದ್ದು, ತಲೆ ತಿರುಗಿದೊಡನೆ ಅವುಗಳೊಳಗಿನ ದ್ರವದ ಚಲನೆಯಿಂದ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಈ ಭಾಗದ ಕೆಲಸವನ್ನು ಶೋಧಿಸಿದ್ದಕ್ಕಾಗಿ ರಾಬರ್ಟ್ ಬಾರಾನಿ ಎಂಬ ವೈದ್ಯನಿಗೆ 1914ರ ನೊಬೆಲ್ ಪಾರಿತೋಷಕ ದೊರೆಯಿತು. ತೆಂಕುತಿಟ್ಟಿನ ವೇಷಧಾರಿ ಧಿಗಿಣ ಹಾಕುವುದನ್ನು ಕಂಡ ಹುಡುಗನು ಮನೆಯ ಅಂಗಳದಲ್ಲಿ ತಾನೂ ಗಿರಕಿ ಹೊಡೆದು ನಿಂತಾಗ, ಕಾಲು ನಿಂತಿದ್ದರೂ ಅಂಗಳವೇ ಸುತ್ತುವಂತೆ ಅವನಿಗೆ ಅನಿಸುತ್ತದೆಯಲ್ಲ, ಅದು ಈ ದ್ರವದ ಆಟ. ಮೂರನೆಯ ಸಲಹೆಗಾರನು ನಮ್ಮ ಪಾದ, ಹಿಮ್ಮಡಿಗಂಟು, ಸ್ನಾಯುಗಳು. ಗದ್ದೆಯ ಕಟ್ಟಹುಣಿಯ ಮೇಲೆ ಕತ್ತಲಲ್ಲಿ ನಡೆದುಹೋಗುವ ರೈತನು ನಂಬುವುದು ಈ ಮೂರನೆಯವನನ್ನೇ.

ಈ ಮೂವರು ಒಬ್ಬರ ಕೊರತೆಯನ್ನು ಮತ್ತೊಬ್ಬರು ತುಂಬುತ್ತಾರೆ ಎಂಬುದು ಹಳೆಯ ಅರಿವು. ಜರ್ಮನಿಯ ಮೋರಿತ್ಸ್ ರೋಂಬರ್ಗ್ ಎಂಬ ವೈದ್ಯನು 19ನೆಯ ಶತಮಾನದ ನಡುವಿನಲ್ಲಿ ಒಂದು ಸರಳ ಪರೀಕ್ಷೆಯನ್ನು ವಿವರಿಸಿದನು. ಪಾದಗಳನ್ನು ಜೋಡಿಸಿ ನಿಂತು ಕಣ್ಣು ಮುಚ್ಚಬೇಕು. ಆರೋಗ್ಯವಂತನು ತುಸು ತೂಗಾಡಿ ನಿಲ್ಲುತ್ತಾನೆ. ಕಾಲಿನ ಅರಿವನ್ನು ಮಿದುಳಿಗೆ ಒಯ್ಯುವ ನರಮಾರ್ಗ ಕೆಟ್ಟವನು ಬೀಳುತ್ತಾನೆ. ಅಂದರೆ ಅಷ್ಟು ದಿನ ಅವನ ಕಾಲಿನ ಕೊರತೆಯನ್ನು ಕಣ್ಣು ಮುಚ್ಚಿಟ್ಟಿತ್ತು. ಕಣ್ಣು ಕಾಲಿಗೆ ನೆರವಾಗಬಹುದಾದರೆ ಕಾಲೂ ಕಿವಿಯೂ ಕಣ್ಣಿನ ಕೊರತೆಯನ್ನು ತುಂಬಬಾರದೇಕೆ? ಪೂರ್ಣವಾಗಿ ತುಂಬುತ್ತವೆ ಎಂದು ಹೇಳಲಾಗದು. ಮೆತ್ತನೆಯ ನೆಲದ ಮೇಲೆ, ಒಂಟಿಕಾಲಿನ ಮೇಲೆ ನಿಲ್ಲಿಸಿದರೆ ದೃಷ್ಟಿಯಿಲ್ಲದವರ ದೇಹ ಇತರರದಕ್ಕಿಂತ ಹೆಚ್ಚು ತೂಗುತ್ತದೆ. ಆದರೆ ಗಟ್ಟಿ ನೆಲ, ತಕ್ಕ ಅಭ್ಯಾಸ ಇವೆರಡು ದೊರೆತರೆ ಆ ಅಂತರ ಬಹಳ ಕಿರಿದಾಗುತ್ತದೆ. ಈ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಕಣ್ಣೆಂಬ ಪ್ರಧಾನನು ಎಷ್ಟು ನಂಬಿಗಸ್ತನೆಂಬುದನ್ನೂ ನೋಡೋಣ. ಹಗ್ಗವನ್ನು ಹಾವೆಂದು ತೋರಿಸುವವನು ಅವನೇ ಎಂದು ನಮ್ಮ ವೇದಾಂತಿಗಳು ಎಂದೋ ಹೇಳಿದ್ದಾರೆ. ಬಿ.ಸಿ.ರೋಡಿನಲ್ಲಿ ನಿಂತ ಬಸ್ಸಿನೊಳಗೆ ಕುಳಿತಿರುವಾಗ ಪಕ್ಕದ ಬಸ್ಸು ಮೆಲ್ಲನೆ ಹಿಂದೆ ಸರಿದರೆ ನಮ್ಮ ಬಸ್ಸೇ ಮುಂದೆ ಹೊರಟಿತೆಂದು ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳದವರು ಯಾರು? ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಡೇವಿಡ್ ಲೀ ಮತ್ತು ಎರಿಕ್ ಆರನ್ಸನ್ ಎಂಬವರು ಇದನ್ನೇ ಶಾಸ್ತ್ರೀಯವಾಗಿ ಪರೀಕ್ಷಿಸಿ 1974ರಲ್ಲಿ ಪ್ರಕಟಿಸಿದರು. ನೆಲ ಕದಲದೆ ಗೋಡೆ ಚಾವಣಿಗಳು ಮಾತ್ರ ಹಿಂದೆ ಮುಂದೆ ಸರಿಯುವ ಒಂದು ಕೋಣೆಯನ್ನು ಕಟ್ಟಿ, ಆಗತಾನೆ ನಿಲ್ಲಲು ಕಲಿತ ಮಕ್ಕಳನ್ನು ಅದರೊಳಗೆ ನಿಲ್ಲಿಸಿದರು. ಗೋಡೆ ಸರಿದೊಡನೆ ಮಕ್ಕಳು ತೂಗಾಡಿದರು, ಕೆಲವರು ಬಿದ್ದೇಬಿಟ್ಟರು. ಕಾಲ ಕೆಳಗಿನ ನೆಲ ಅಲುಗಾಡದೆ ಇದ್ದರೂ ಕಣ್ಣಿನ ಸುಳ್ಳು ಸಾಕ್ಷಿಯನ್ನು ದೇಹ ನಂಬಿತು.

ಮಿಥ್ಯಾವಾಸ್ತವದ ಕನ್ನಡಕವೆಂದರೆ ಲೀಯವರ ಆ ಚಲಿಸುವ ಕೋಣೆಯೇ. ಬಡಗಿಯ ಕೆಲಸವಿಲ್ಲದೆ, ತಲೆಯ ಮೇಲೆ ಕಟ್ಟಿಕೊಳ್ಳಬಹುದಾದದ್ದು. ಆದುದರಿಂದಲೇ ಅದು ವೈದ್ಯರಿಗೆ ಉಪಯುಕ್ತವಾಯಿತು. ಗ್ಲಾಕೋಮಾ ಎಂಬ ರೋಗವನ್ನು ತೆಗೆದುಕೊಳ್ಳಿ. ಅದು ಸಾಮಾನ್ಯವಾಗಿ ನೋವಿಲ್ಲದೆ ಬರುತ್ತದೆ. ನೋಟದ ಅಂಚುಗಳನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ. ನಡುವಿನ ನೋಟ ಕೊನೆಯವರೆಗೂ ಉಳಿಯಬಹುದು. ಪತ್ರಿಕೆ ಓದಲೂ ಬರಬಹುದು. ಆದರೆ ದೇಹದ ತೂಕವನ್ನು ಕಾಯುವುದರಲ್ಲಿ ಆ ಅಂಚಿನ ನೋಟದ ಪಾಲು ಬಲು ದೊಡ್ಡದು. ಕ್ಯಾಲಿಫೋರ್ನಿಯಾದ ಸಂಶೋಧಕರು ಗ್ಲಾಕೋಮಾ ರೋಗಿಗಳಿಗೆ ಈ ಕನ್ನಡಕವನ್ನು ತೊಡಿಸಿ, ಚಲಿಸುವ ಮಿಥ್ಯಾದೃಶ್ಯಗಳನ್ನು ತೋರಿಸಿ, ಅವರ ದೇಹದ ತೂಗಾಟವನ್ನು ಅಳೆದು 2015ರಲ್ಲಿ ವರದಿ ಮಾಡಿದರು. ಆ ಅಳತೆಗೂ ರೋಗಿಗಳು ಹಿಂದೆ ಬಿದ್ದ ಘಟನೆಗಳಿಗೂ ಸಂಬಂಧವಿರುವುದು ಕಂಡುಬಂತು. ಬೀಳುವ ಅಪಾಯ ಯಾರಿಗಿದೆ ಎಂಬುದನ್ನು ಸೊಂಟದ ಮೂಳೆ ಮುರಿದ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಮೇಲಲ್ಲವೇ?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ದೃಷ್ಟಿದೋಷವೆಂದರೆ ಪೂರ್ಣ ಕತ್ತಲೆ ಎಂದಲ್ಲ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಅಂಧತ್ವವನ್ನೂ ಮಂದದೃಷ್ಟಿಯನ್ನೂ ಬೇರೆಬೇರೆಯಾಗಿ ವಿವರಿಸುತ್ತದೆ. ನೋಟದ ಹರವು 40 ಡಿಗ್ರಿಗಿಂತ ಕಿರಿದಾದವರೂ ಮಂದದೃಷ್ಟಿಯವರೇ. ಇಂಥವರಿಗೆ ಉಳಿದ ನೋಟವನ್ನು ಬಳಸಿ ಸಮತೋಲನವನ್ನು ಅಭ್ಯಾಸ ಮಾಡಲು ಕನ್ನಡಕ ನೇರವಾಗಿಯೇ ನೆರವಾಗಬಲ್ಲದು. ಏನೂ ಕಾಣದವರಿಗೆ? ಅವರಿಗೂ ಒಂದು ದಾರಿ ತೆರೆದಿದೆ. ಮಿಥ್ಯಾಲೋಕವನ್ನು ಬೆಳಕಿನಿಂದಲೇ ಕಟ್ಟಬೇಕೆಂದಿಲ್ಲ. ಶಬ್ದದಿಂದಲೂ ಸ್ಪರ್ಶದಿಂದಲೂ ಕಟ್ಟಬಹುದು. ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರು 2018ರಲ್ಲಿ ‘ಕೇನ್‌ಟ್ರೋಲರ್’ ಎಂಬ ಕೋಲೊಂದನ್ನು ಮಾಡಿ ತೋರಿಸಿದರು. ಇಲ್ಲದ ಗೋಡೆಗೆ ಆ ಕೋಲು ತಗಲಿದಾಗ ಕೈಗೆ ನಿಜವಾದ ತಡೆ ಸಿಗುತ್ತದೆ, ನೆಲದ ಒರಟುತನ ಕಂಪನವಾಗಿ ಬರುತ್ತದೆ, ಸದ್ದು ಅದರದರ ದಿಕ್ಕಿನಿಂದಲೇ ಕೇಳಿಸುತ್ತದೆ. ಹೀಗೆ, ವಾಹನ ಡಿಕ್ಕಿಯಾಗುವ ಭಯವಿಲ್ಲದೆ ರಸ್ತೆ ದಾಟುವುದನ್ನು ಕೋಣೆಯೊಳಗೇ ಅಭ್ಯಾಸ ಮಾಡಬಹುದು. ಇದು ಸಣ್ಣ ಮಾತಲ್ಲ.

ಕೋಲಿನ ಮಾತು ಬಂದುದರಿಂದ ಅದರ ಮಹಿಮೆಯನ್ನೂ ಹೇಳಬೇಕು. ಬಿಳಿಕೋಲನ್ನು ನಾವು ಊರುಗೋಲಿನಂತೆ ಭಾರ ಹೊರುವ ಸಾಧನವೆಂದೋ, ಹೆಚ್ಚೆಂದರೆ ಅಡ್ಡ ಬಂದುದನ್ನು ತಟ್ಟಿ ನೋಡುವ ಸಾಧನವೆಂದೋ ತಿಳಿದಿದ್ದೇವೆ. 1990ರ ದಶಕದಲ್ಲಿ ಅಮೆರಿಕದ ಜೆಕಾ, ಲ್ಯಾಕ್ನರ್ ಮೊದಲಾದವರು ನಡೆಸಿದ ಪ್ರಯೋಗಗಳು ಬೇರೊಂದು ಸಂಗತಿಯನ್ನು ತಿಳಿಸಿದವು. ಸ್ಥಿರವಾದ ವಸ್ತುವೊಂದನ್ನು ಬೆರಳ ತುದಿಯಿಂದ ಬರಿದೆ ಮುಟ್ಟಿದರೆ, ಭಾರ ಹಾಕಬೇಕಾಗಿಯೇ ಇಲ್ಲ, ದೇಹದ ತೂಗಾಟ ಗಣನೀಯವಾಗಿ ತಗ್ಗುತ್ತದೆ. ಕೋಲಿನ ತುದಿ ನೆಲವನ್ನು ಹಗುರವಾಗಿ ಮುಟ್ಟಿದ್ದರೂ ಫಲ ಅದೇ. ಕಣ್ಣಿದ್ದು ಮುಚ್ಚಿಕೊಂಡವರಿಗೂ, ಹುಟ್ಟಿನಿಂದ ಕಣ್ಣಿಲ್ಲದವರಿಗೂ. ಅಂದರೆ ಬಿಳಿಕೋಲು ನೆಲದವರೆಗೆ ಚಾಚಿದ ಬೆರಳು. ನಮ್ಮವರೂ ಇದರಲ್ಲಿ ಹಿಂದುಳಿದಿಲ್ಲ. ದೆಹಲಿಯ ಐ.ಐ.ಟಿ.ಯವರು ರೂಪಿಸಿ 2014ರಲ್ಲಿ ಬಳಕೆಗೆ ತಂದ ‘ಸ್ಮಾರ್ಟ್‌ಕೇನ್’ ಎಂಬ ಸಾಧನವನ್ನು ಕೋಲಿಗೆ ಜೋಡಿಸಿದರೆ, ಕೋಲಿಗೆ ತಗಲದ ಎತ್ತರದಲ್ಲಿರುವ ಅಡ್ಡಿಗಳನ್ನೂ ಸುಮಾರು 3 ಮೀಟರು ದೂರದಿಂದಲೇ ಶ್ರವಣಾತೀತ ಅಲೆಗಳ ಮೂಲಕ ಗುರುತಿಸಿ ಹಿಡಿಕೆಯನ್ನು ಕಂಪಿಸಿ ತಿಳಿಸುತ್ತದೆ.

ಇಷ್ಟಾದರೂ ‘ಅವರಿಂದ ಏನಾದೀತು?’ ಎನ್ನುವವರಿದ್ದಾರೆ. ಕಣ್ಣಿಲ್ಲದವರಿಗೆ ಸಂಗೀತ ಒಲಿಯುತ್ತದೆಂದು ಗದಗಿನ ಪಂಚಾಕ್ಷರ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ನೆನೆದು ಕೈಮುಗಿಯುತ್ತೇವೆ, ಅದು ಯೋಗ್ಯವೇ. ಆದರೆ ಅಲ್ಲಿಗೇ ನಿಲ್ಲುತ್ತೇವೆ; ಕುಳಿತು ಹಾಡುವವನನ್ನು ಒಪ್ಪಿ, ಓಡುವವನನ್ನು ಒಪ್ಪಲು ಹಿಂಜರಿಯುತ್ತೇವೆ. ನಮ್ಮ ಶಿವಮೊಗ್ಗ ಜಿಲ್ಲೆಯ ಶೇಖರ ನಾಯ್ಕರು ಭಾರತದ ಅಂಧರ ಕ್ರಿಕೆಟ್ ತಂಡದ ನಾಯಕರಾಗಿದ್ದಾಗ, 2012ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಟಿ-20 ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತವು ಪಾಕಿಸ್ತಾನವನ್ನು ಸೋಲಿಸಿತು. 2017ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಆ ಆಟದಲ್ಲಿ ಚೆಂಡಿನೊಳಗೆ ಗಿಲಕಿಯಿರುತ್ತದೆ. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಾಗಿರಬೇಕು. ಗಿಲಕಿಯ ಸದ್ದಿಗೆ ಓಡಿ, ಬಾಗಿ, ಹೊರಳಿ, ಚೆಂಡನ್ನು ಹಿಡಿದು ಮತ್ತೆ ಎದ್ದು ನಿಲ್ಲುವ ಆಟಗಾರನ ದೇಹದಲ್ಲಿ ಸಮತೋಲನವಿಲ್ಲ ಎನ್ನುವ ಧೈರ್ಯ ಯಾರಿಗಿದೆ? ಅಲ್ಲಿ ನೆಲ ಸಮ, ಎಲ್ಲೆ ನಿಶ್ಚಿತ, ಅಭ್ಯಾಸ ನಿರಂತರ. ಮೇಲೆ ನೆನಪಿನಲ್ಲಿಡಿ ಎಂದ ಆ ಎರಡು ಮಾತುಗಳು ಇವೇ.

ಇನ್ನು ನನ್ನ ಆಕ್ಷೇಪಣೆಗೆ ಬರುತ್ತೇನೆ. ಈ ಕನ್ನಡಕವನ್ನು ಕಾಲೇಜಿಗೆ ತರಿಸಿ, ವಿಜ್ಞಾನ ಪ್ರದರ್ಶನದ ದಿನ ಒಬ್ಬೊಬ್ಬ ವಿದ್ಯಾರ್ಥಿಗೂ ಎರಡು ನಿಮಿಷ ತೊಡಿಸಿ, ಅದರೊಳಗೆ ಕತ್ತಲೆಯನ್ನೋ ಮಸುಕನ್ನೋ ತೋರಿಸಿ, ‘ಅಂಧರ ಕಷ್ಟ ಹೀಗಿರುತ್ತದೆ’ ಎಂದು ಕಲಿಸಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಉದ್ದೇಶ ಒಳ್ಳೆಯದೇ, ಫಲ ಮಾತ್ರ ವಿಪರೀತ. ಸ್ವತಃ ಅಂಧರಾದ ಆರಿಯೆಲ್ ಸಿಲ್ವರ್‌ಮನ್ ಎಂಬ ಮನಶ್ಶಾಸ್ತ್ರಜ್ಞೆಯೂ ಅವರ ಸಂಗಡಿಗರೂ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಹೊತ್ತು ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ಆ ಬಳಿಕ ಅಂಧರನ್ನು ದುಡಿಯುವುದಕ್ಕೂ ಸ್ವತಂತ್ರವಾಗಿ ಬಾಳುವುದಕ್ಕೂ ಮೊದಲಿಗಿಂತ ಕಡಿಮೆ ಸಮರ್ಥರೆಂದು ಎಣಿಸಿದರು. ಏಕೆ? ಅವರು ಅನುಭವಿಸಿದ್ದು ಅಂಧರ ಬಾಳನ್ನಲ್ಲ, ಅಂಧತ್ವದ ಮೊದಲ ಎರಡು ನಿಮಿಷದ ಗಾಬರಿಯನ್ನು. ಈಜು ಬಾರದವನನ್ನು ನೇತ್ರಾವತಿಗೆ ತಳ್ಳಿ, ಮೇಲೆತ್ತಿ, ‘ನೋಡು, ಮೀನಿನ ಬಾಳು ಇಷ್ಟು ಕಷ್ಟ’ ಎಂದರೆ ಹೇಗೋ ಹಾಗೆ.

ಮಹಾಭಾರತದ ಗಾಂಧಾರಿಯನ್ನು ನೆನೆಯಿರಿ. ಪತಿಗೆ ಕಾಣದ ಲೋಕ ತನಗೂ ಬೇಡವೆಂದು ಆಕೆ ಬಾಳಿಡೀ ಕಣ್ಣಿಗೆ ಪಟ್ಟಿ ಕಟ್ಟಿಕೊಂಡಳು. ಆಕೆಯ ತ್ಯಾಗ ದೊಡ್ಡದು. ಆದರೆ ಅದರಿಂದ ಧೃತರಾಷ್ಟ್ರನಿಗೆ ಒಂದು ಹೆಜ್ಜೆಯ ದಾರಿಯಾದರೂ ತಿಳಿಯಿತೇ? ಅವನಿಗೆ ಒದಗಿದವನು ಸಂಜಯ. ಕಂಡುದನ್ನು ಕಂಡಂತೆ ಹೇಳಿದವನು. ಕಣ್ಣಿರುವವರು ಆಗಬೇಕಾದುದು ಎರಡು ನಿಮಿಷದ ಗಾಂಧಾರಿಯರಲ್ಲ, ದಿನನಿತ್ಯದ ಸಂಜಯರು. ‘ಮುಂದೆ ಮೂರು ಮೆಟ್ಟಿಲು ಇಳಿಯಲಿಕ್ಕಿದೆ, ಎಡಕ್ಕೆ ಕಂಬಿ ಇದೆ’ ಎಂದು ಹೇಳಲು ಯಾವ ಯಂತ್ರವೂ ಬೇಡ.

ಈಗ ನಮ್ಮ ಪೇಟೆಗೆ ಬರೋಣ. ಬಿ.ಸಿ.ರೋಡ್ ಎಂಬ ಹೆಸರೇ ‘ಬಂಟ್ವಾಳ ಕ್ರಾಸ್ ರೋಡ್’ ಎಂಬುದರ ಸಂಕ್ಷೇಪ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ 75ನೆಯ ರಾಷ್ಟ್ರೀಯ ಹೆದ್ದಾರಿ, ಬೆಳ್ತಂಗಡಿಯ ಮೇಲೆ ಚಾರ್ಮಾಡಿ ಘಾಟಿಗೆ ಹೋಗುವ 73ನೆಯ ಹೆದ್ದಾರಿ ಇಲ್ಲಿ ಬೇರ್ಪಡುತ್ತವೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಕಡೆಯ ವಿದ್ಯಾರ್ಥಿಗಳಿಗೆ ಇದು ಬಸ್ಸು ಬದಲಿಸುವ ಜಾಗ. ಇಲ್ಲಿ ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬಳು ಒಂದು ಬಸ್ಸಿನಿಂದ ಇಳಿದು ಇನ್ನೊಂದನ್ನು ಹಿಡಿಯಬೇಕೆಂದು ಭಾವಿಸಿಕೊಳ್ಳಿ. ಕಂಡಕ್ಟರನ ಸೀಟಿ, ಊರಿನ ಹೆಸರು ಕೂಗುವ ಧ್ವನಿ, ಹೋಟೆಲಿನ ಕಾಫಿಯ ಪರಿಮಳ, ಕಾಲಿಗೆ ಸಿಗುವ ಡಾಂಬರು ಮತ್ತು ಜಲ್ಲಿಯ ಅಂಚು — ಇವೆಲ್ಲ ಆಕೆಗೆ ಭೂಪಟದ ಗುರುತುಗಳು. ಮಳೆಗಾಲದಲ್ಲಿ, ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ, ಕೊಡೆಯ ಮೇಲೆ ಬೀಳುವ ಹನಿಗಳ ಸದ್ದು ಈ ಗುರುತುಗಳಲ್ಲಿ ಅರ್ಧವನ್ನು ಅಳಿಸುತ್ತದೆ. ಕೊಡೆ ಹಿಡಿದುದರಿಂದ ಕೋಲಿನ ಹೊರತು ಇನ್ನೊಂದು ಕೈಯೂ ಇಲ್ಲದಾಗುತ್ತದೆ. ಆಗ ಉಳಿಯುವುದು ಪಾದ ಮತ್ತು ಕೋಲಿನ ತುದಿ ಮಾತ್ರ. ಅವುಗಳ ಕೆಳಗಿನ ನೆಲವಾದರೂ ಸತ್ಯವಾಗಿರಬೇಡವೇ?

ನಮ್ಮ ಹಳ್ಳಿಗಳಲ್ಲಿ ತೋಡಿಗೆ ಅಡ್ಡಲಾಗಿ ಅಡಿಕೆ ಮರದ ಸಂಕ ಹಾಕಿರುತ್ತಾರೆ. ಹೊಸಬನಿಗೆ ಅದು ಭಯ. ದಿನಾ ದಾಟುವವನಿಗೆ ದಾರಿ. ಏಕೆಂದರೆ ಸಂಕವು ನಿನ್ನೆ ಇದ್ದಲ್ಲಿಯೇ ಇಂದೂ ಇರುತ್ತದೆ. ಹೆದ್ದಾರಿ ಬದಿಯ ಪೇಟೆಗಳ ಕಾಲುದಾರಿ ಹಾಗಲ್ಲ. ನಿನ್ನೆ ಮುಚ್ಚಿದ್ದ ಚರಂಡಿಯ ಚಪ್ಪಡಿ ಇಂದು ತೆರೆದಿರುತ್ತದೆ. ಬೆಳಗ್ಗೆ ಖಾಲಿಯಿದ್ದಲ್ಲಿ ಸಂಜೆಗೆ ಬೈಕುಗಳ ಸಾಲು, ಹೊಯಿಗೆಯ ರಾಶಿ, ಅಂಗಡಿಯ ಬೋರ್ಡು. ಕಿರಿದಾದ ದಾರಿಯನ್ನು ಕಲಿಯಬಹುದು, ದಿನಕ್ಕೊಮ್ಮೆ ಬದಲಾಗುವ ದಾರಿಯನ್ನು ಕಲಿಯಲಾಗದು. ಈ ವೃತ್ತವನ್ನು ಮಿಥ್ಯಾವಾಸ್ತವದಲ್ಲಿ ಯಥಾವತ್ತಾಗಿ ರಚಿಸಿ, ಹೊಸದಾಗಿ ಕಾಲೇಜಿಗೆ ಸೇರಿದ ದೃಷ್ಟಿಹೀನ ವಿದ್ಯಾರ್ಥಿಗೆ ಕೋಣೆಯೊಳಗೇ ಅಭ್ಯಾಸ ಕೊಡಬಹುದೆಂದು ಮೇಲೆ ಹೇಳಿದ ಪ್ರಯೋಗದಿಂದ ನಮಗೆ ಆಸೆ ಹುಟ್ಟುತ್ತದೆ. ಆದರೆ ಮಿಥ್ಯೆಯ ರಸ್ತೆ ಸ್ಥಿರವಾಗಿದ್ದು ನಿಜದ ರಸ್ತೆ ಅಸ್ಥಿರವಾಗಿದ್ದರೆ ಆ ಅಭ್ಯಾಸ ನೆರವಾಗುವುದಿಲ್ಲ, ನಂಬಿಸಿ ಮೋಸಮಾಡುತ್ತದೆ.

ಇದು ದಯೆಯ ಮಾತಲ್ಲ, ಶಾಸನದ ಮಾತು. 2016ರ ಕಾಯಿದೆ ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇಕಡಾ 5, ಸರಕಾರಿ ಉದ್ಯೋಗದಲ್ಲಿ ಕನಿಷ್ಠ ಶೇಕಡಾ 4 ಸ್ಥಾನಗಳನ್ನು ವಿಕಲಚೇತನರಿಗೆ ಕಾದಿರಿಸುತ್ತದೆ. ಎಲ್ಲರಿಗೂ ಸುಗಮವಾಗಿರಬೇಕಾದ ಸ್ಥಳಗಳ ನಿಯಮಗಳು ಬರಿಯ ಶಿಫಾರಸುಗಳಾಗಿರಬಾರದು, ಕಡ್ಡಾಯವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ. ತರಗತಿಯಲ್ಲಿ ಕುರ್ಚಿ ಕಾದಿರಿಸಿ, ಆ ಕುರ್ಚಿಯವರೆಗಿನ ದಾರಿಯನ್ನು ಕಾಯದೆ ಬಿಟ್ಟರೆ ಕಾದಿರಿಸಿದ್ದರ ಅರ್ಥವೇನು?

‘ಅಂಥವರು ನಮ್ಮಲ್ಲಿ ಎಷ್ಟು ಮಂದಿ?’ ಎಂದು ಕೇಳುವವರಿಗೆ ಎರಡು ಉತ್ತರಗಳಿವೆ. 2011ರ ಜನಗಣತಿಯಲ್ಲಿ ದೇಶದಲ್ಲಿ ದೃಷ್ಟಿಸಂಬಂಧವಾದ ಕೊರತೆಯುಳ್ಳವರೆಂದು ದಾಖಲಾದವರು ಸುಮಾರು 50 ಲಕ್ಷ. ಇದು ಒಂದು. ಎರಡನೆಯದು: ಪೊರೆ ಬಂದ ಅಜ್ಜಿ, ಮಧುಮೇಹದಿಂದ ಕಣ್ಣೂ ಪಾದವೂ ಮಂಕಾದ ಮಾವ — ಇವರೆಲ್ಲ ಯಾವ ಪಟ್ಟಿಯಲ್ಲೂ ಸೇರದಿದ್ದರೂ ಅದೇ ಕಾಲುದಾರಿಯಲ್ಲಿ ಅದೇ ಭಯದಿಂದ ನಡೆಯುತ್ತಾರೆ. ಮೂವರು ಸಲಹೆಗಾರರಲ್ಲಿ ಇಬ್ಬರು ಒಟ್ಟಿಗೆ ದುರ್ಬಲರಾದಾಗ ದೇಹ ಹೇಗೆ ನಿಂತೀತು? ವಯಸ್ಸು ನಮ್ಮೆಲ್ಲರನ್ನೂ ಆ ದಾರಿಗೇ ಕರೆದೊಯ್ಯುತ್ತದೆ.

ಆದುದರಿಂದ ನಮ್ಮ ಕಾಲೇಜಿನ ಮಟ್ಟದಲ್ಲಿ ಮೂರು ಕೆಲಸಗಳನ್ನು ಸೂಚಿಸುತ್ತೇನೆ. ಮೂರಕ್ಕೂ ದೊಡ್ಡ ಹಣ ಬೇಡ. ಮೊದಲನೆಯದು, ಗೇಟಿನಿಂದ ತರಗತಿ, ಗ್ರಂಥಾಲಯ, ಶೌಚಾಲಯಗಳವರೆಗೆ ಒಂದು ದಾರಿಯನ್ನು ಗೊತ್ತುಮಾಡಿ, ಅದರಲ್ಲಿ ಬೈಕು, ಬೆಂಚು, ಹೂಕುಂಡ ಯಾವುದನ್ನೂ ಒಂದು ದಿನವೂ ಇಡಬಾರದು. ಮಳೆಗಾಲದಲ್ಲಿ ಮೆಟ್ಟಿಲ ಪಾಚಿಯನ್ನು ಉಜ್ಜಿ ತೆಗೆಯಬೇಕು. ಎರಡನೆಯದು, ಮೆಟ್ಟಿಲು ಆರಂಭವಾಗುವಲ್ಲಿ ಪಾದಕ್ಕೆ ತಿಳಿಯುವ ಉಬ್ಬುಗಲ್ಲುಗಳನ್ನು ಹಾಕಬೇಕು. ಜಪಾನಿನ ಓಕಾಯಾಮಾದಲ್ಲಿ 1967ರಲ್ಲಿ ಮೊದಲು ರಸ್ತೆಗೆ ಬಂದ ಈ ಕಲ್ಲು ಇಂದು ಲೋಕವೆಲ್ಲ ಹರಡಿದೆ. ಮೂರನೆಯದು, ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಬಸ್ಸು ನಿಲ್ಲುವಲ್ಲಿಂದ ಕಾಲೇಜಿನವರೆಗಿನ ತೆರೆದ ಚರಂಡಿಗಳನ್ನೂ ಅಡ್ಡಿಗಳನ್ನೂ ಪಟ್ಟಿ ಮಾಡಿ, ಪುರಸಭೆಗೂ ಹೆದ್ದಾರಿಯವರಿಗೂ ಪ್ರತಿ ವರ್ಷ ಒಪ್ಪಿಸಬೇಕು. ಆ ಪಟ್ಟಿಯನ್ನು ದೃಷ್ಟಿದೋಷವಿರುವ ವಿದ್ಯಾರ್ಥಿಗಳ ಜೊತೆ ನಡೆದೇ ತಯಾರಿಸಬೇಕು, ಅವರ ಪರವಾಗಿ ಊಹಿಸಿ ಅಲ್ಲ.

ಇಷ್ಟನ್ನು ಮಾಡಿದ ಮೇಲೆ ಮಿಥ್ಯಾವಾಸ್ತವದ ಕನ್ನಡಕವೂ ಬರಲಿ, ಸದ್ದಿನ ಕೋಲೂ ಬರಲಿ. ಅವುಗಳನ್ನು ಬಲ್ಲವರ ಕೈಗೆ ಕೊಟ್ಟು ಅಳೆಯಲಿಕ್ಕೂ ಕಲಿಸಲಿಕ್ಕೂ ಬಳಸೋಣ. ನೆಟ್ಟಗೆ ನಿಲ್ಲುವ ಶಕ್ತಿ ದೃಷ್ಟಿಯಿಲ್ಲದವರ ದೇಹದಲ್ಲಿಯೂ ಇದೆ. ಆ ಶಕ್ತಿಯನ್ನು ನಂಬಿ ಕಾಲಿಡಬಹುದಾದಂಥ ನೆಲವನ್ನು ಕಾಪಾಡುವ ಹೊಣೆ ಮಾತ್ರ ಕಣ್ಣಿರುವ ನಮ್ಮದು.